ರೋಗಿಯನ್ನೂ ಕೇಳೋಣ



ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇಥ್ ಯಂತ್ರದ ಮುಂದೆ ಕಾಯಕ ಸಲ್ಲಿಸಿ ನಿವೃತ್ತರಾದ ಹಿರಿಯ ಭಕ್ತರೊಬ್ಬರನ್ನು ಕಾಣಲು ಆಸ್ಪತ್ರೆಗೆ ಹೋಗಿದ್ದೆ. ಮಗ ಬಾಗಿಲಲ್ಲಿಯೇ ತಡೆದು, "ಅಪ್ಪಾಜಿಗೆ ಕ್ಯಾನ್ಸರ್ ಎಂದು ಹೇಳಿಲ್ಲ, ಅಯ್ಯನವರೇ, ತಾವೂ ಹೇಳಬಾರದು" ಎಂದು ಕೈಮುಗಿದರು. ಒಳಗೆ ಹೋದೆ. ಹಿರಿಯರು ನನ್ನ ಕೈ ಹಿಡಿದು, "ಇದು ಕ್ಯಾನ್ಸರೆಂದು ನನಗೆ ಗೊತ್ತು. ಹುಡುಗರು ಹೆದರಿದ್ದಾರೆ, ಅವರಿಗೆ ತಿಳಿಸಬೇಡಿ" ಎಂದರು! ಒಂದೇ ಸತ್ಯವನ್ನು ತಂದೆ ಮಕ್ಕಳು ಪರಸ್ಪರ ಮರೆಮಾಚಿದ್ದರು. ಇತ್ತ ಹೊರಗಿನ ಹಜಾರದಲ್ಲಿ ವೈದ್ಯರೂ ಮಗನೂ ಇಂಗ್ಲಿಷಿನಲ್ಲಿ ಮುಂದಿನ ಚಿಕಿತ್ಸೆಯನ್ನು ನಿಶ್ಚಯಿಸುತ್ತಿದ್ದರು. ನಾನೂ ಅಂದು ಮೌನವಾಗಿದ್ದೆ, ಅದು ಸರಿಯಾಗಲಿಲ್ಲ.

ನಮ್ಮ ಮನೆಗಳಲ್ಲಿ ಇದನ್ನು ಪ್ರೀತಿಯೆಂದೇ ಭಾವಿಸುತ್ತೇವೆ. ಪ್ರೀತಿ ಹೌದು. ಆದರೆ ಕಾನೂನು ಬೇರೆಯೇ ಹೇಳುತ್ತದೆ. ಅರಿವಳಿಕೆಯಲ್ಲಿದ್ದ ಮಹಿಳೆಯೊಬ್ಬರ ಗರ್ಭಕೋಶವನ್ನು ಅವರ ತಾಯಿಯ ಒಪ್ಪಿಗೆಯ ಮೇಲೆ ತೆಗೆದ ಪ್ರಕರಣದಲ್ಲಿ, ಪ್ರಾಣಾಪಾಯದ ತುರ್ತು ಇಲ್ಲದಿರುವಾಗ ತಿಳಿವಳಿಕೆಯುಳ್ಳ ವಯಸ್ಕ ರೋಗಿಯ ಪರವಾಗಿ ಬೇರೆಯವರು ಒಪ್ಪಿಗೆ ನೀಡಲಾಗದೆಂದು ಸುಪ್ರೀಂ ಕೋರ್ಟು 2008ರಲ್ಲಿಯೇ ತೀರ್ಪಿತ್ತಿದೆ. ಚಿಕಿತ್ಸೆಯ ಸ್ವರೂಪ, ಲಾಭ, ಅಪಾಯ, ಬೇರೆ ದಾರಿ, ಬೇಡವೆಂದರೆ ಆಗುವುದೇನು ಎಂಬುದನ್ನು ವೈದ್ಯರು ರೋಗಿಗೇ ತಿಳಿಸಬೇಕು. ಕಾಗದಕ್ಕೆ ಸಹಿ ಹಾಕಿಸಿದ ಮಾತ್ರಕ್ಕೆ ಕೆಲಸ ಮುಗಿಯದು.

ಎಚ್ಚರ ತಪ್ಪಿದ ಮೇಲೆ? ಅದಕ್ಕೂ ಮುಂಚೆಯೇ ಬರೆದಿಡಬಹುದು. 2018ರ ಮಾರ್ಚ್ 9ರ ತೀರ್ಪು ಈ ಹಕ್ಕನ್ನು ಮಾನ್ಯ ಮಾಡಿತು. 2023ರಲ್ಲಿ ವಿಧಾನ ಸರಳವಾಯಿತು. ಸ್ವಸ್ಥಚಿತ್ತದ ವಯಸ್ಕರು ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತಮ್ಮ ಪರವಾಗಿ ಮಾತನಾಡಬೇಕಾದವರ ಹೆಸರನ್ನೂ ಸೂಚಿಸಬಹುದು. ಗುಣವಾಗುವ ಆಸೆಯೇ ಇಲ್ಲದಾಗ ಯಂತ್ರ ತೆಗೆಯಬೇಕೆ ಎಂಬುದನ್ನು ವೈದ್ಯರ ಎರಡು ಮಂಡಳಿಗಳು ಪರಿಶೀಲಿಸುತ್ತವೆ. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದಕ್ಕೆ ಸುತ್ತೋಲೆ ಹೊರಡಿಸಿದೆ. ಇದು ವಿಷವಿಕ್ಕುವ ದಯಾಮರಣವಲ್ಲ. ಕೆಲವರು ಹಾಗೆ ತಿಳಿದು ಗಾಬರಿಗೊಂಡಿದ್ದಾರೆ. ಯಂತ್ರ ತೆಗೆದರೂ ನೋವಿನ ಉಪಶಮನ ನಿಲ್ಲುವುದಿಲ್ಲ. ವೈಟ್‌ಫೀಲ್ಡ್ ಕಡೆಗೆ ಹೋಗುವ ದಾರಿಯಲ್ಲಿ, ಕುಂದಲಹಳ್ಳಿ ಗೇಟಿನ ಬಳಿ ಇರುವ ಕರುಣಾಶ್ರಯದಲ್ಲಿ ಅಂತಿಮ ಹಂತದ ಕ್ಯಾನ್ಸರ್ ರೋಗಿಗಳಿಗೆ ಇಂಥ ಶುಶ್ರೂಷೆ ಉಚಿತವಾಗಿ ದೊರೆಯುತ್ತದೆ. ನಮ್ಮ ದಾಸೋಹದ ಕಣ್ಣಿಗೆ ಇದು ಹೊಸದೇನಲ್ಲ.

ಕಡೆಗೆ ಪೀಣ್ಯದ ಆ ಹಿರಿಯರೇ ಮೌನ ಮುರಿದರು. ವೈದ್ಯರನ್ನು ಕನ್ನಡದಲ್ಲಿಯೇ ಕೇಳಿದರು: "ಈ ಔಷಧಿ ತೆಗೆದುಕೊಂಡರೆ ಬೆಳಗ್ಗೆ ಎದ್ದು ಕುಳಿತು ಲಿಂಗಪೂಜೆ ಮಾಡಿಕೊಳ್ಳಲು ಆಗುತ್ತದೆಯೇ?" ವೈದ್ಯರು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಅರ್ಧ ಗಂಟೆ ಕುಳಿತು ವಿವರಿಸಿದರು. ಹಿರಿಯರು ಮನೆಗೆ ಹೊರಡಲು ನಿರ್ಧರಿಸಿದರು. ಮಗ ಅತ್ತರು; ಆಮೇಲೆ ಆಟೋ ಕರೆಯಲು ಹೋದರು.