ರೆಕಾರ್ಡ್ ಪುಸ್ತಕದ ಕ್ಲೋರಿನ್ ಮನೆಗೆ ಬಂದ ದಿನ

ರಂಝಾನ್‌ಗೆ ಇನ್ನೆರಡು ದಿನ ಇತ್ತು. ಎಂದಿನಂತೆ ಮನೆಯಲ್ಲಿ ಮೂಲೆಮೂಲೆಯನ್ನೂ ತೊಳೆಯುವ ಕೆಲಸ ನಡೆದಿತ್ತು. ನಾನು ಕೋಣೆಯಲ್ಲಿ ಕುಳಿತು ಕೆಮಿಸ್ಟ್ರಿ ರೆಕಾರ್ಡ್ ಬರೆಯುತ್ತಿದ್ದೆ. ಬಾತ್‌ರೂಮಿನಿಂದ ಉಮ್ಮ ಕೆಮ್ಮುವುದು ಕೇಳಿಸಿತು. ಕೆಮ್ಮು ನಿಲ್ಲಲೇ ಇಲ್ಲ. ಓಡಿ ಹೋಗಿ ನೋಡಿದರೆ ನೆಲದ ತುಂಬ ಬ್ಲೀಚಿಂಗ್ ಪೌಡರ್. ಕಲೆ ಹೋಗಲಿಲ್ಲವೆಂದು ಅದರ ಮೇಲೆ ಟಾಯ್ಲೆಟ್ ತೊಳೆಯುವ ಆಸಿಡ್ ಸುರಿದಿದ್ದರು. ಕಣ್ಣಲ್ಲಿ ನೀರು, ಮಾತಾಡಲು ಉಸಿರಿಲ್ಲ. ಕೈಹಿಡಿದು ಅಂಗಳಕ್ಕೆ ಕರೆತಂದೆ. ಆಸ್ಪತ್ರೆಯಲ್ಲಿ ಸಂಜೆಯವರೆಗೆ ಆಕ್ಸಿಜನ್ ಕೊಟ್ಟರು. ಅಲ್ಲಾಹನ ದಯೆಯಿಂದ ಈಗ ಆರಾಮಾಗಿದ್ದಾರೆ.

ನನ್ನನ್ನು ಇಂದಿಗೂ ಕಾಡುವುದು ಬೇರೆಯೇ ವಿಷಯ. ಆ ಹೊತ್ತಿನಲ್ಲಿ ನಾನು ಬರೆಯುತ್ತಿದ್ದದ್ದು ಕ್ಲೋರೈಡ್ ಪರೀಕ್ಷೆಯ ಪುಟ: ಲವಣಕ್ಕೆ ಮ್ಯಾಂಗನೀಸ್ ಡೈಆಕ್ಸೈಡ್ ಮತ್ತು ಸಾಂದ್ರ ಸಲ್ಫ್ಯೂರಿಕ್ ಆಮ್ಲ ಸೇರಿಸಿ ಬಿಸಿ ಮಾಡಿದರೆ ಹಸಿರು ಮಿಶ್ರಿತ ಹಳದಿ ಅನಿಲ. ಹತ್ತನೇ ತರಗತಿಯಲ್ಲೇ ಓದಿದ್ದೆವು, ಅರಳಿದ ಸುಣ್ಣದ ಮೇಲೆ ಕ್ಲೋರಿನ್ ಹಾಯಿಸಿದರೆ ಚೆಲುವೆ ಪುಡಿ ಆಗುತ್ತದೆ ಎಂದು. ಅದಕ್ಕೆ ಆಮ್ಲ ಹಾಕಿದರೆ ಒಳಗಿದ್ದ ಕ್ಲೋರಿನ್ ಹೊರಗೆ ಬರುತ್ತದೆ. ಈ ಸಮೀಕರಣವನ್ನು ನಾನು ತಪ್ಪಿಲ್ಲದೆ ಬರೆಯಬಲ್ಲೆ. ಆದರೆ ಒಂದು ದಿನವೂ ಉಮ್ಮನಿಗೆ ಹೇಳಿರಲಿಲ್ಲ.

ಹ್ಯಾಲೋಜನ್‌ಗಳ ಪಾಠದ ತಿರುಳು ಚಿಕ್ಕದು. ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್ ಈ ನಾಲ್ಕರ ಹೊರಕವಚದಲ್ಲೂ 7 ಎಲೆಕ್ಟ್ರಾನ್‌ಗಳು. ಇನ್ನೊಂದು ಸಿಕ್ಕರೆ 8 ತುಂಬುತ್ತದೆ. ಆ ಒಂದನ್ನು ಯಾರಿಂದಲಾದರೂ ಕಿತ್ತುಕೊಳ್ಳುವುದೇ ಇವುಗಳ ಸ್ವಭಾವ. ಗುಂಪಿನಲ್ಲಿ ಮೇಲಿಂದ ಕೆಳಗೆ ಬಂದಂತೆ ಈ ಬಲ ಕುಗ್ಗುತ್ತದೆ. ಅದಕ್ಕೇ ಕ್ಲೋರಿನ್ ನೀರನ್ನು ಪೊಟ್ಯಾಸಿಯಂ ಅಯೋಡೈಡ್ ದ್ರಾವಣಕ್ಕೆ ಹಾಕಿದರೆ ಅಯೋಡಿನ್ ಹೊರಬಂದು ದ್ರಾವಣ ಕಂದಾಗುತ್ತದೆ. ಅಯೋಡಿನ್‌ಗೆ ಕ್ಲೋರಿನ್‌ನನ್ನು ಹಾಗೆ ಹೊರದಬ್ಬುವ ಶಕ್ತಿ ಇಲ್ಲ.

ಇದೇ ಗುಣದಿಂದ ಬಾವಿಗೆ ಹಾಕಿದ ಬ್ಲೀಚಿಂಗ್ ಪೌಡರ್ ಕಾಲರಾದಂಥ ರೋಗಾಣುಗಳನ್ನು ಕೊಲ್ಲುತ್ತದೆ. ಇದೇ ಗುಣ ನಮ್ಮ ಶ್ವಾಸಕೋಶವನ್ನೂ ಸುಡುತ್ತದೆ. ಒಳಗಿನ ತೇವದ ಜೊತೆ ಸೇರಿ ಕ್ಲೋರಿನ್ ಅಲ್ಲೇ ಆಮ್ಲವಾಗುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೈನ್ಯ ಗಾಳಿಗೆ ಬಿಟ್ಟದ್ದು ಇದೇ ಅನಿಲವನ್ನು. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ್ದರಿಂದ ಅದು ಸೈನಿಕರಿದ್ದ ಕಂದಕಗಳಿಗೆ ಇಳಿಯಿತು. ಕಿಟಕಿ ಮುಚ್ಚಿದ ಬಾತ್‌ರೂಮಿನಲ್ಲಿ ಬಗ್ಗಿ ನೆಲ ಉಜ್ಜುವವರ ಮುಖದ ಮಟ್ಟದಲ್ಲೂ ಅದು ಹಾಗೆಯೇ ನಿಲ್ಲುತ್ತದೆ.

'ಇದೆಲ್ಲ ಎಲ್ಲರಿಗೂ ಗೊತ್ತು ಮಾರಾಯಾ' ಎಂದ ನನ್ನ ಗೆಳೆಯ. ನಮಗೆ ಗೊತ್ತು, ನಿಜ. ಆದರೆ ಮನೆ ತೊಳೆಯುವವರು ನಾವಲ್ಲ. ತೊಳೆಯುವವರು ಉಮ್ಮಂದಿರು, ನಮ್ಮ ಕಾಲೇಜಿನಲ್ಲಾದರೆ ಆಯಾಗಳು. ಉಮ್ಮ ಕನ್ನಡ ಚೆನ್ನಾಗಿಯೇ ಓದುತ್ತಾರೆ, ಆದರೆ ಆ ಬಾಟಲಿಯ ಮೇಲಿನ ಎಚ್ಚರಿಕೆ ಇದ್ದದ್ದು ಇಂಗ್ಲಿಷ್‌ನಲ್ಲಿ, ಅದೂ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ. ಎರಡು ಹಾಕಿದರೆ ಇನ್ನೂ ಬೆಳ್ಳಗಾಗುತ್ತದೆ ಎಂದುಕೊಂಡದ್ದು ಅವರ ತಪ್ಪಲ್ಲ. ಗೊತ್ತಿದ್ದವನು ಸುಮ್ಮನಿದ್ದದ್ದು ತಪ್ಪು.

ಹಾಗಾಗಿ ನನ್ನ ಸಲಹೆ ಎರಡು. ಒಂದು, ಕಾಲೇಜಿನ ಶೌಚಾಲಯಗಳಲ್ಲಿ ಮತ್ತು ಸಾಮಾನು ಇಡುವ ಕೋಣೆಯಲ್ಲಿ ದೊಡ್ಡ ಕನ್ನಡ ಅಕ್ಷರದಲ್ಲಿ ಹೀಗೊಂದು ಚೀಟಿ ಅಂಟಿಸೋಣ: 'ಬ್ಲೀಚಿಂಗ್ ಪೌಡರಿಗೆ ಆಸಿಡ್ ಸೇರಿಸಬೇಡಿ. ಘಾಟು ಬಂದರೆ ಕೂಡಲೇ ಹೊರಗೆ ಬನ್ನಿ, ಕೆಮ್ಮು ನಿಲ್ಲದಿದ್ದರೆ ಡಾಕ್ಟರ್ ಬಳಿ ಹೋಗಿ.' ಕೆಮಿಸ್ಟ್ರಿ ಲ್ಯಾಬಿನವರು ಒಪ್ಪಿದರೆ ಬರೆದುಕೊಡಲು ನಾನು ಸಿದ್ಧ. ಎರಡನೆಯದಕ್ಕೆ ಯಾರ ಒಪ್ಪಿಗೆಯೂ ಬೇಡ. ಇವತ್ತು ಮನೆಗೆ ಹೋದಮೇಲೆ ಬಾತ್‌ರೂಮಿನ ಶೆಲ್ಫಿನಲ್ಲಿ ಯಾವ ಯಾವ ಬಾಟಲಿ ಇದೆ ನೋಡಿ, ಐದು ನಿಮಿಷ ಕುಳಿತು ಮನೆಯವರಿಗೆ ಅವರ ಮಾತಿನಲ್ಲೇ ವಿವರಿಸಿ.

ನಾನು ಈಗ ಹೇಳಿದ್ದೇನೆ. ಉಮ್ಮ ಎಲ್ಲ ಕೇಳಿಸಿಕೊಂಡು, 'ಇಷ್ಟೆಲ್ಲ ಗೊತ್ತಿದ್ದರೆ ಮೊದಲೇ ಹೇಳಬಾರದಿತ್ತಾ ಮೋನೇ?' ಎಂದರು. ನನ್ನ ಬಳಿ ಉತ್ತರ ಇರಲಿಲ್ಲ.