ಕೊಂದದ್ದು ಏಕೆ ಎಂಬುದಕ್ಕೆ ಉತ್ತರ ಹೇಳಬೇಕಾದವರು ಯಾರು?

ರಾಜ್ಯದಲ್ಲಿ ದೊಡ್ಡ ಸುದ್ದಿಯಾಗುವ ಕೊಲೆ ನಡೆದಾಗಲೆಲ್ಲ ಒಂದು ವಿಚಿತ್ರವನ್ನು ನಾವು ಕಾಣುತ್ತೇವೆ. ಯಾರು ಕೊಂದರು ಎಂದು ಪೊಲೀಸರು ಹುಡುಕಲು ಹೊರಡುವ ಮೊದಲೇ, ಏಕೆ ಕೊಂದರು ಎಂದು ಜನ ತೀರ್ಮಾನಿಸಿ ಮುಗಿಸಿರುತ್ತಾರೆ. ಟಿ.ವಿ. ಚರ್ಚೆಯಲ್ಲಿ, ಬಸ್ ನಿಲ್ದಾಣದಲ್ಲಿ, ಪೂಜೆ ಮುಗಿದ ಮೇಲೆ ಚರ್ಚ್ ಅಂಗಳದಲ್ಲಿ ಕೂಡ ಇದೇ ಮಾತು. ಈ ‘ಏಕೆ’ ಎಂಬ ಪ್ರಶ್ನೆ ನಮ್ಮನ್ನು ಎಲ್ಲಿಗೆ ಕರೆದೊಯ್ಯುತ್ತಿದೆ ಎಂದು ಸ್ವಲ್ಪ ನಿಂತು ಯೋಚಿಸುವ ಅಗತ್ಯವಿದೆ.

ಯೋಚನೆಯನ್ನು ಬೀದರ್ ಜಿಲ್ಲೆಯಿಂದ ಆರಂಭಿಸೋಣ. ಕರಾವಳಿಯ ನಮಗೆ ಬಸವಕಲ್ಯಾಣ, ಹುಮನಾಬಾದ್ ದೂರದ ಊರುಗಳು. 2005ರಲ್ಲಿ ಗುಲ್ಬರ್ಗ ಧರ್ಮಪ್ರಾಂತ್ಯ ರಚನೆಯಾದ ಬಳಿಕ ಆ ಕಡೆಯ ಸೇವೆಯ ವಿಷಯ ನಮ್ಮ ಧರ್ಮಕೇಂದ್ರಗಳಲ್ಲಿ ಆಗಾಗ ಕೇಳಿಬರುತ್ತದೆ. ಆದರೆ ಬಸವಕಲ್ಯಾಣ ಇನ್ನೊಂದು ಕಾರಣಕ್ಕೂ ನಾವು ತಿಳಿದಿರಬೇಕಾದ ಊರು. ಕನ್ನಡ ನಾಡಿನ ಅತಿ ಪ್ರಸಿದ್ಧ ಕೊಲೆಯೊಂದು ಈ ಊರಿನ ಹೆಸರಿಗೆ ಅಂಟಿಕೊಂಡಿದೆ. ಅದರ ಕಾರಣ ಏನೆಂಬ ವಾದ ಎಂಟೂವರೆ ಶತಮಾನ ಕಳೆದರೂ ಮುಗಿದಿಲ್ಲ.

ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಅರಸನಾಗಿದ್ದವನು ಕಳಚುರಿ ವಂಶದ ಬಿಜ್ಜಳ. ಅವನಲ್ಲಿ ಭಂಡಾರಿಯಾಗಿದ್ದವರು ಬಸವಣ್ಣನವರು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಶರಣರು ಮದುವೆ ಮಾಡಿಸಿದರು. ಬಿಜ್ಜಳ ಹರಳಯ್ಯ, ಮಧುವರಸರಿಗೆ ಘೋರ ಶಿಕ್ಷೆ ವಿಧಿಸಿದ. ಇದಕ್ಕೆ ಪ್ರತೀಕಾರವಾಗಿ ಜಗದೇವ ಮತ್ತು ಅವನ ಸಂಗಡಿಗರು ಅರಸನನ್ನು ಕೊಂದರು ಎಂಬುದು ವೀರಶೈವ ಪುರಾಣಗಳ ಕಥೆ. ಜೈನ ಪರಂಪರೆಯ ಬಿಜ್ಜಳರಾಯ ಚರಿತೆ ಬೇರೆಯೇ ಕಥೆ ಹೇಳುತ್ತದೆ. ಅದರ ಪ್ರಕಾರ ಅರಸ ಸತ್ತದ್ದು ವಿಷದ ಹಣ್ಣಿನಿಂದ. ಬಿಜ್ಜಳ 1167-68ರ ಹೊತ್ತಿಗೆ ಮಗ ಸೋವಿದೇವನಿಗೆ ಅಧಿಕಾರ ಬಿಟ್ಟುಕೊಟ್ಟಿದ್ದನ್ನು ಗಮನಿಸಿದ ಇತಿಹಾಸಕಾರರು ಅರಮನೆಯ ಒಳಜಗಳವನ್ನೂ ಸಂಶಯಿಸಿದ್ದಾರೆ.

ಸತ್ತವನೊಬ್ಬ, ಕಾರಣಗಳು ಮೂರು. ಯಾವ ಕಾರಣವನ್ನು ಯಾರು ಹಿಡಿದರು ಎಂದು ನೋಡಿದರೆ ಕೊಂದವನಿಗಿಂತ ಹೇಳಿದವನ ಪರಿಚಯವೇ ಹೆಚ್ಚು ಸಿಗುತ್ತದೆ. ಸಾಕ್ಷಿ ಅಳಿದುಹೋದ ಮೇಲೆ ಉಳಿಯುವುದು ಪಕ್ಷ ಮಾತ್ರ. ಬಿಜ್ಜಳನ ವಿಷಯದಲ್ಲಿ ಈಗ ಏನೂ ಮಾಡಲು ಸಾಧ್ಯವಿಲ್ಲ. ಆದರೆ ನಮ್ಮ ಕಾಲದ ಕೊಲೆಗಳಲ್ಲಿ ಸಾಕ್ಷಿ ಇದೆ, ನ್ಯಾಯಾಲಯವಿದೆ. ಆದರೂ ನಾವು ಪುರಾಣದ ದಾರಿಯನ್ನೇ ಹಿಡಿಯುವುದೇಕೆ?

ಈ ಕಲ್ಯಾಣದ ಕಥೆಯನ್ನು ನಮ್ಮ ಕಾಲದಲ್ಲಿ ನಾಟಕವಾಗಿ ಬರೆದವರಲ್ಲಿ ಮೂವರನ್ನು ನೆನೆಯಬೇಕು. ಡಾ. ಎಂ.ಎಂ. ಕಲಬುರ್ಗಿಯವರು ‘ಕೆಟ್ಟಿತ್ತು ಕಲ್ಯಾಣ’ ಬರೆದರು. ಪಿ. ಲಂಕೇಶರು ‘ಸಂಕ್ರಾಂತಿ’ ಬರೆದರು. ಗಿರೀಶ ಕಾರ್ನಾಡರು ‘ತಲೆದಂಡ’ ಬರೆದರು. ಇವರಲ್ಲಿ ಕಲಬುರ್ಗಿಯವರು 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣ ನಗರದ ತಮ್ಮ ಮನೆ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಲಂಕೇಶರ ಮಗಳು, ಪತ್ರಕರ್ತೆ ಗೌರಿ ಲಂಕೇಶ್ 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದ ಮನೆಯ ಮುಂದೆ ಬಿದ್ದರು. ತನಿಖೆಯಲ್ಲಿ ಸಿಕ್ಕಿದ ಡೈರಿಯಲ್ಲಿ ಕಾರ್ನಾಡರ ಹೆಸರೂ ಇತ್ತೆಂದು 2018ರಲ್ಲಿ ವರದಿಯಾಯಿತು. ಕಾರ್ನಾಡರು 2019ರ ಜೂನ್‌ನಲ್ಲಿ ಅನಾರೋಗ್ಯದಿಂದ ತೀರಿಕೊಂಡರು.

ಊಹೆಗಳ ಸುರಿಮಳೆ

ಕಲಬುರ್ಗಿಯವರ ಕೊಲೆಯಾದ ದಿನವೇ ಕಾರಣಗಳ ಪಟ್ಟಿ ಹೊರಬಿತ್ತು. 2014ರಲ್ಲಿ ವಿಗ್ರಹಾರಾಧನೆ ಬಗ್ಗೆ ಅವರು ಆಡಿದ ಮಾತು ಎಂದರು ಕೆಲವರು. ಲಿಂಗಾಯತ–ವೀರಶೈವ ವಿವಾದ ಎಂದರು ಇನ್ನು ಕೆಲವರು. ಆಸ್ತಿ ಜಗಳವಿರಬಹುದು ಎಂದವರೂ ಇದ್ದರು. ನಮ್ಮ ಬಂಟ್ವಾಳದ ಯುವಕನೊಬ್ಬ ಟ್ವಿಟರ್‌ನಲ್ಲಿ ಈ ಸಾವನ್ನು ಸಂಭ್ರಮಿಸಿದ ಆರೋಪದ ಮೇಲೆ ಬಂಧಿತನಾದ.

ಗೌರಿಯವರ ಕೊಲೆಯಾದಾಗ ಊಹೆಗಳು ಇನ್ನೂ ಹೆಚ್ಚಾದವು. ಹಿಂದುತ್ವವಾದಿಗಳ ಕೃತ್ಯವೆಂದು ಒಂದು ಕಡೆಯವರು ಆ ರಾತ್ರಿಯೇ ಘೋಷಿಸಿದರು. ನಕ್ಸಲರನ್ನು ಮುಖ್ಯವಾಹಿನಿಗೆ ತರಲು ಓಡಾಡಿದ್ದರಿಂದ ನಕ್ಸಲರೇ ಕೊಂದರು ಎಂದು ಇನ್ನೊಂದು ಕಡೆಯವರು ಹೇಳಿದರು. ಕುಟುಂಬದ ಹಳೆಯ ಮನಸ್ತಾಪವನ್ನೂ ಎಳೆದು ತಂದರು. ಕೊಲೆಗೆ ಏಳು ವಾರ ಮೊದಲು, 2017ರ ಜುಲೈ 19ರಂದು, ಬೀದರಿನಲ್ಲಿ ಪ್ರತ್ಯೇಕ ಲಿಂಗಾಯತ ಧರ್ಮಕ್ಕಾಗಿ ಭಾರಿ ಸಮಾವೇಶ ನಡೆದಿತ್ತು. ಗೌರಿ ಆ ಬೇಡಿಕೆಯ ಪರ ಬರೆದಿದ್ದರು. ಅದೂ ಒಂದು ಕಾರಣವೆಂದು ಪಟ್ಟಿಗೆ ಸೇರಿತು.

ಈ ಗದ್ದಲದ ನಡುವೆ ತನಿಖೆಗೆ ದಾರಿ ತೋರಿಸಿದ್ದು ಚರ್ಚೆಯಲ್ಲ, ಗುಂಡಿನ ಖಾಲಿ ಕೋಶಗಳು. ಕಲಬುರ್ಗಿ ಮತ್ತು ಗೌರಿ ಇಬ್ಬರ ಕೊಲೆಗೂ ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಬಳಕೆಯಾಗಿದೆ ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. ಆಸ್ತಿ ಜಗಳ, ಮನೆ ಜಗಳಗಳ ಮಾತು ಅಲ್ಲಿಗೆ ನೆಲ ಕಳೆದುಕೊಂಡಿತು. 2019ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಕಲಬುರ್ಗಿಯವರ ಪತ್ನಿ ಸಲ್ಲಿಸಿದ ಅರ್ಜಿಯ ಮೇಲೆ, ಗೌರಿ ಪ್ರಕರಣದ ವಿಶೇಷ ತನಿಖಾ ತಂಡಕ್ಕೇ ಆ ತನಿಖೆಯನ್ನೂ ಒಪ್ಪಿಸಿತು.

ಗೌರಿ ಪ್ರಕರಣದಲ್ಲಿ 2018ರ ನವೆಂಬರ್‌ನಲ್ಲಿ ಸಲ್ಲಿಕೆಯಾದ 9,235 ಪುಟಗಳ ಆರೋಪಪಟ್ಟಿಯಲ್ಲಿ 18 ಮಂದಿಯ ಹೆಸರಿತ್ತು. ಆರೋಪಿಗಳಿಗೂ ಗೌರಿಯವರಿಗೂ ವೈಯಕ್ತಿಕ ದ್ವೇಷ ಇರಲಿಲ್ಲ, ಒಂದು ಸಿದ್ಧಾಂತದ ಹೆಸರಿನಲ್ಲಿ ಈ ಕೃತ್ಯ ನಡೆದಿದೆ ಎಂಬುದು ತನಿಖಾ ತಂಡದ ವಾದ. ಗೌರಿ 2012ರಲ್ಲಿ ಮಂಗಳೂರಿನಲ್ಲಿ ಮಾಡಿದ ಭಾಷಣವೊಂದರ ವಿಡಿಯೊ ತುಣುಕನ್ನು ಆರೋಪಿಗಳಿಗೆ ತೋರಿಸಲಾಗಿತ್ತು ಎಂದೂ ವರದಿಗಳು ಹೇಳಿವೆ. ಕರಾವಳಿಯವರಾದ ನಾವು ಇದನ್ನು ಮರೆಯಬಾರದು. ಇಡೀ ಭಾಷಣ ಕೇಳದೆ ತುಣುಕು ನೋಡಿ ಕೋಪಗೊಳ್ಳುವ ಅಭ್ಯಾಸ ನಮ್ಮ ಮೊಬೈಲುಗಳಲ್ಲೂ ಇದೆ.

ಹೇಳಿಕೆ ಬೇರೆ, ಸಾಕ್ಷಿ ಬೇರೆ

2018ರ ಜೂನ್‌ನಲ್ಲಿ ವಿಜಯಪುರ ಜಿಲ್ಲೆಯ ಯುವಕನೊಬ್ಬ ಬಂಧನವಾದ. ಧರ್ಮ ಉಳಿಸಲು ಒಬ್ಬರನ್ನು ಕೊಲ್ಲಬೇಕೆಂದು ತನಗೆ ಹೇಳಿದ್ದರು, ಆಕೆ ಯಾರೆಂದೇ ತನಗೆ ಗೊತ್ತಿರಲಿಲ್ಲ ಎಂದು ಅವನು ಪೊಲೀಸರ ಮುಂದೆ ಹೇಳಿದನೆಂದು ಪತ್ರಿಕೆಗಳು ಬರೆದವು. ಇಡೀ ದೇಶ ಆ ಮಾತನ್ನು ಚರ್ಚಿಸಿತು. ಆದರೆ ಪೊಲೀಸರ ಮುಂದೆ ಆರೋಪಿ ಮಾಡಿದ ತಪ್ಪೊಪ್ಪಿಗೆಯನ್ನು ನ್ಯಾಯಾಲಯ ಅವನ ವಿರುದ್ಧ ಸಾಕ್ಷಿಯಾಗಿ ಒಪ್ಪುವುದಿಲ್ಲ. 1872ರ ಸಾಕ್ಷ್ಯ ಕಾಯಿದೆಯಲ್ಲೂ ಹಾಗೆಯೇ ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಹಾಗೆಯೇ ಇದೆ. ಹೊಡೆದು ಬಡಿದು ಮಾತು ಹೊರಡಿಸುವ ಅಪಾಯ ಇರುವುದರಿಂದಲೇ ಈ ನಿಯಮ.

ಕೊಲೆಯ ಉದ್ದೇಶಕ್ಕೂ ಕಾನೂನಿನಲ್ಲಿ ಒಂದು ಅಳತೆ ಇದೆ. ನೇರ ಸಾಕ್ಷಿ ಗಟ್ಟಿಯಾಗಿದ್ದರೆ ಉದ್ದೇಶ ರುಜುವಾತಾಗದಿದ್ದರೂ ಶಿಕ್ಷೆ ಆಗಬಹುದು. ಸಾಂದರ್ಭಿಕ ಸಾಕ್ಷಿಯ ಪ್ರಕರಣದಲ್ಲಿ ಉದ್ದೇಶ ಸರಪಳಿಯ ಒಂದು ಕೊಂಡಿ. ಆದರೆ ಆ ಕೊಂಡಿಯೊಂದೇ ಸರಪಳಿಯಾಗದು. ಹುಮನಾಬಾದಿನಿಂದ ಬಸವಕಲ್ಯಾಣದ ಪಕ್ಕ ಹಾದು ಹೋಗುವ ಹೆದ್ದಾರಿ ಪುಣೆ ತಲುಪುತ್ತದೆ. ಅದೇ ಪುಣೆಯಲ್ಲಿ 2013ರ ಆಗಸ್ಟ್ 20ರಂದು ಡಾ. ನರೇಂದ್ರ ದಾಭೋಲ್ಕರ್ ಅವರ ಕೊಲೆಯಾಯಿತು. 2024ರ ಮೇ 10ರಂದು ಅಲ್ಲಿನ ವಿಶೇಷ ನ್ಯಾಯಾಲಯ ಗುಂಡು ಹೊಡೆದ ಇಬ್ಬರಿಗೆ ಜೀವಾವಧಿ ಶಿಕ್ಷೆ ನೀಡಿ, ಉಳಿದ ಮೂವರನ್ನು ಬಿಡುಗಡೆ ಮಾಡಿತು. ಉದ್ದೇಶವನ್ನೂ ಸಂಶಯವನ್ನೂ ಸಾಕ್ಷ್ಯವಾಗಿ ಪರಿವರ್ತಿಸಲು ತನಿಖಾಧಿಕಾರಿಗಳು ವಿಫಲರಾದರು ಎಂಬುದು ನ್ಯಾಯಾಧೀಶರ ಅಭಿಪ್ರಾಯ. ಇನ್ನೊಂದು ಮಾತನ್ನೂ ಅವರು ದಾಖಲಿಸಿದರು. ಸತ್ತವರಿಗೆ ಧರ್ಮವಿರೋಧಿ ಎಂಬ ಹಣೆಪಟ್ಟಿ ಹಚ್ಚಿ ಕೊಲೆಯನ್ನು ಸಮರ್ಥಿಸುವ ಯತ್ನ ಖಂಡನೀಯ ಎಂದರು.

ನಮ್ಮ ಚರ್ಚೆಗಳ ಮುಖ್ಯ ದೋಷ ಇದೇ. ಉದ್ದೇಶ ಎಂಬುದು ಕೊಂದವನ ಮನಸ್ಸಿನಲ್ಲಿ ಇರುವಂಥದ್ದು. ನಾವು ಅದನ್ನು ಸತ್ತವರ ಬದುಕಿನಲ್ಲಿ ಹುಡುಕುತ್ತೇವೆ. ಅವರು ಏನು ಬರೆದರು, ಯಾರ ಮನ ನೋಯಿಸಿದರು, ಹಾಗೆ ಮಾತಾಡಬೇಕಿತ್ತೇ ಎಂದು ಕೇಳುತ್ತೇವೆ. ಹೀಗೆ ಕೇಳುತ್ತಾ ಹೋದಂತೆ ಆರೋಪಿಯ ಕಟಕಟೆಯಲ್ಲಿ ಹೆಣವನ್ನೇ ನಿಲ್ಲಿಸಿಬಿಡುತ್ತೇವೆ.

ನಮಗೂ ಗೊತ್ತಿರುವ ನೋವು

ಕ್ರೈಸ್ತರಾದ ನಮಗೆ ಇದು ಹೊಸತಲ್ಲ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆಯಲ್ಲಿದ್ದ ಗ್ರಹಾಂ ಸ್ಟೇನ್ಸ್ ಅವರನ್ನು ಹತ್ತು ಮತ್ತು ಆರು ವರ್ಷದ ಇಬ್ಬರು ಗಂಡುಮಕ್ಕಳ ಸಮೇತ ವಾಹನದಲ್ಲೇ ಸುಟ್ಟು ಕೊಂದರು. ಆಗಲೂ ದೇಶ ಚರ್ಚಿಸಿದ್ದು ಅವರು ಮತಾಂತರ ಮಾಡಿದ್ದರೇ ಇಲ್ಲವೇ ಎಂದು. 2011ರ ಜನವರಿ 21ರಂದು ಸುಪ್ರೀಂ ಕೋರ್ಟು ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಆದರೆ ಮತಾಂತರದ ವಿಷಯದಲ್ಲಿ ಸ್ಟೇನ್ಸ್‌ಗೆ ಪಾಠ ಕಲಿಸುವುದು ಕೊಲೆಯ ಉದ್ದೇಶವಾಗಿತ್ತು ಎಂಬ ಮಾತು ತೀರ್ಪಿನಲ್ಲಿ ಬಂತು. ದೇಶದೆಲ್ಲೆಡೆ ಆಕ್ಷೇಪ ಎದ್ದಿತು. ನಾಲ್ಕೇ ದಿನಗಳಲ್ಲಿ ನ್ಯಾಯಪೀಠ ತಾನಾಗಿಯೇ ಆ ಸಾಲುಗಳನ್ನು ಬದಲಿಸಿತು. ಉದ್ದೇಶದ ವಿವರಣೆ ಎಷ್ಟು ಬೇಗ ಕೊಲೆಗೆ ಸಮಜಾಯಿಷಿಯಂತೆ ಕೇಳಿಸತೊಡಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಚರ್ಚುಗಳ ಮೇಲೆ ದಾಳಿಯಾದಾಗಲೂ ಹೀಗೆಯೇ ಆಯಿತು. ಕಲ್ಲೆಸೆದವರಿಗಿಂತ ಯಾವುದೋ ಪುಸ್ತಕದಲ್ಲಿ ಏನಿತ್ತು ಎಂಬ ಚರ್ಚೆಯೇ ಹೆಚ್ಚು ನಡೆಯಿತು.

ಆದರೆ ನಮ್ಮ ಗಾಯವೊಂದನ್ನೇ ತೋರಿಸಿ ಸುಮ್ಮನಾದರೆ ಅದೂ ನ್ಯಾಯವಲ್ಲ. 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ಎಂಸಿಎ ವಿದ್ಯಾರ್ಥಿನಿಯೊಬ್ಬಳನ್ನು ಹಳೆಯ ಸಹಪಾಠಿಯೇ ಇರಿದು ಕೊಂದ. ಅದು ಲೋಕಸಭಾ ಚುನಾವಣೆಯ ಸಮಯ. ಆರೋಪಿ ಮುಸ್ಲಿಂ ಎಂಬ ಕಾರಣಕ್ಕೆ ‘ಲವ್ ಜಿಹಾದ್’ ಎಂದು ಒಂದು ಪಕ್ಷ ಕೂಗಿತು. ‘ವೈಯಕ್ತಿಕ ಕಾರಣ’ ಎಂದು ಸರ್ಕಾರದಲ್ಲಿದ್ದವರು ತನಿಖೆ ಮುಗಿಯುವ ಮೊದಲೇ ಹೇಳಿಬಿಟ್ಟರು. ಮಗಳನ್ನು ಕಳೆದುಕೊಂಡ ಮನೆಯವರಿಗೆ ಎರಡೂ ಮಾತು ಬೆಂಕಿಯಾಯಿತು. ಕೆಲವು ತಿಂಗಳ ನಂತರ ಸಿಐಡಿ ಸಲ್ಲಿಸಿದ ಆರೋಪಪಟ್ಟಿ, ಮದುವೆಗೆ ಒಪ್ಪದ ಸಿಟ್ಟಿನಿಂದ ಕೊಂದ ಎಂದಿತು. ಆ ಹೊತ್ತಿಗೆ ಮತದಾನವೂ ಮುಗಿದಿತ್ತು, ಅಕ್ಕಪಕ್ಕದ ಮನೆಗಳ ನಡುವೆ ಎದ್ದ ಸಂಶಯದ ಗೋಡೆಯೂ ನಿಂತಾಗಿತ್ತು.

ಹಾರ ಯಾವುದಕ್ಕೆ?

ಗೌರಿ ಪ್ರಕರಣದ ವಿಚಾರಣೆ 2022ರ ಜುಲೈಯಲ್ಲಿ ಆರಂಭವಾಯಿತು. ಐನೂರಕ್ಕೂ ಹೆಚ್ಚು ಸಾಕ್ಷಿಗಳ ಪಟ್ಟಿ ಇದ್ದುದರಿಂದ ಅದು ನಿಧಾನವಾಗಿ ಸಾಗಿತು. ಈ ವಿಳಂಬವನ್ನು ಪರಿಗಣಿಸಿ ಒಬ್ಬೊಬ್ಬರಿಗೇ ಜಾಮೀನು ಸಿಕ್ಕಿತು. 2025ರ ಜನವರಿಯಲ್ಲಿ, ಬಂಧಿತರಲ್ಲಿ ಕೊನೆಯವನಿಗೂ ಈ ಪ್ರಕರಣದಲ್ಲಿ ಜಾಮೀನು ಮಂಜೂರಾಯಿತು. ಇದರಲ್ಲಿ ನಾವು ತಪ್ಪು ಹುಡುಕುವುದಿಲ್ಲ. ತೀರ್ಪಿಲ್ಲದೆ ಯಾರನ್ನೂ ವರ್ಷಗಟ್ಟಲೆ ಜೈಲಿನಲ್ಲಿ ಇಡಬಾರದು. ಕೈದಿಗಳನ್ನು ಭೇಟಿ ಮಾಡುವ ನಮ್ಮ ಸೇವಾಕರ್ತರಿಗೆ ಈ ಸಂಕಟ ಚೆನ್ನಾಗಿ ಗೊತ್ತು.

ನಮ್ಮನ್ನು ಕಳವಳಕ್ಕೆ ಈಡುಮಾಡಿದ್ದು 2024ರ ಅಕ್ಟೋಬರ್‌ನಲ್ಲಿ ವಿಜಯಪುರದಲ್ಲಿ ನಡೆದದ್ದು. ಜಾಮೀನಿನಲ್ಲಿ ಹೊರಬಂದ ಇಬ್ಬರಿಗೆ ಅಲ್ಲಿ ಶಾಲು ಹೊದಿಸಿ ಹಾರ ಹಾಕಿ ಸ್ವಾಗತಿಸಿದರು. ಅವರು ನಿರಪರಾಧಿಗಳು ಎಂದು ಹಾರ ಹಾಕಿದವರು ಹೇಳಿದರು. ಹಾಗಿದ್ದರೆ ಮನೆಯವರು ಅಪ್ಪಿಕೊಂಡು ಅತ್ತರೆ ಸಾಕಿತ್ತು. ಸಾರ್ವಜನಿಕ ಸನ್ಮಾನ ಯಾವ ಸಾಧನೆಗೆ? ಕಲಬುರ್ಗಿಯವರು ಹುಟ್ಟಿದ ಜಿಲ್ಲೆಯೂ ಅದೇ ಅಲ್ಲವೇ? ಅಲ್ಲಿ ನಿಂತು ನೋಡಿದ ಹದಿನೆಂಟರ ಹುಡುಗ ಏನು ಕಲಿತು ಮನೆಗೆ ಹೋದ?

ನಾವು ಮಾಡಬಹುದಾದದ್ದು

ಪಾಲನಾ ಪರಿಷತ್ತಿನವರು, ವಾಳೆಯ ಗುರಿಕಾರರು, ಯುವಜನರ ಸಚೇತಕರು ಈ ವಿಷಯ ಚರ್ಚೆಗೆ ಬಂದಾಗ ಮೂರು ಮಾತು ನೆನಪಿಡಬಹುದು. ಮೊದಲನೆಯದು, ಆರೋಪಪಟ್ಟಿ ತೀರ್ಪಲ್ಲ, ಪತ್ರಿಕೆಯ ‘ಮೂಲಗಳು’ ಸಾಕ್ಷಿಯಲ್ಲ. ‘ಆರೋಪಿ’ ಎನ್ನಬೇಕಾದಲ್ಲಿ ‘ಕೊಲೆಗಾರ’ ಎನ್ನಬೇಡಿ. ಎರಡನೆಯದು, ಆರೋಪಿಯ ಜಾತಿ, ಧರ್ಮವನ್ನು ಹಿಡಿದು ಅವನ ಇಡೀ ಸಮುದಾಯದ ಮೇಲೆ ಉದ್ದೇಶ ಹೊರಿಸಬೇಡಿ. ಸ್ಟೇನ್ಸ್ ಅವರ ಪತ್ನಿ ಗ್ಲ್ಯಾಡಿಸ್, ಗಂಡ ಮಕ್ಕಳನ್ನು ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಅದರ ಜೊತೆಗೆ ಕಾನೂನು ತನ್ನ ಕೆಲಸ ಮಾಡುವುದನ್ನು ಅವರು ತಡೆಯಲೂ ಇಲ್ಲ. ಮೂರನೆಯದು, ‘ಅವರು ಹಾಗೆ ಮಾತಾಡಿದ್ದಕ್ಕೇ ಹೀಗಾಯಿತು’ ಎಂಬ ವಾಕ್ಯ ಸಭೆಯಲ್ಲಿ ಬಂದರೆ ಅಲ್ಲೇ ತಡೆಯಿರಿ. ಸತ್ತವರ ವಿಚಾರಗಳನ್ನು ನಾವು ಒಪ್ಪದೇ ಇರಬಹುದು. ಗೌರಿಯವರ, ಕಲಬುರ್ಗಿಯವರ ಎಷ್ಟೋ ಮಾತುಗಳನ್ನು ಒಪ್ಪದವರು ನಮ್ಮಲ್ಲೂ ಇದ್ದಾರೆ. ಒಪ್ಪದಿರಲು ಬಾಯಿ ಇದೆ, ಬರೆಯಲು ಕೈ ಇದೆ.

ಬಸವಕಲ್ಯಾಣದಲ್ಲಿ ಹರಳಯ್ಯನವರ ಹೆಸರಿನ ಗವಿಯನ್ನು ಜನ ಇಂದಿಗೂ ತೋರಿಸುತ್ತಾರೆ. ಹರಳಯ್ಯನ ಕೊಲೆಗೂ ಒಂದು ಕಾರಣ ಹೇಳಿದ್ದರು, ಬಿಜ್ಜಳನ ಕೊಲೆಗೂ ಒಂದು ಕಾರಣ ಹೇಳಿದರು. ಎರಡರ ನಡುವೆ ಕಲ್ಯಾಣ ಹಾಳಾಯಿತು, ಶರಣರು ದಿಕ್ಕುಪಾಲಾದರು. ಕೊಲ್ಲುವವನಿಗೆ ಕಾರಣದ ಕೊರತೆ ಎಂದೂ ಇರುವುದಿಲ್ಲ. ಆ ಕಾರಣವನ್ನು ತೂಗಿ ನೋಡುವ ಕೆಲಸ ನ್ಯಾಯಾಲಯದ್ದು. ಅದಕ್ಕೆ ಗೌರವ ಕೊಡದಿರುವ ಕೆಲಸ ನಮ್ಮದು.