ಬ್ರೈಟ್‌ನೆಸ್ ನಿಲ್ಲದಿದ್ದರೆ ಲಿನಕ್ಸ್ ತೆಗೆಸಬೇಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಕಾಲೇಜಿನಲ್ಲಿ ಸಿಕ್ಕ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಸಿಕೊಂಡವರು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯೂ ಇದ್ದಾರೆ. ಅವರಲ್ಲಿ ಕೆಲವರದು ಒಂದೇ ದೂರು: ರಾತ್ರಿ ಬ್ರೈಟ್‌ನೆಸ್ ಇಳಿಸಿಟ್ಟು ಮಲಗಿದರೆ, ಬೆಳಿಗ್ಗೆ ಆನ್ ಮಾಡಿದಾಗ ಸ್ಕ್ರೀನ್ ಪೂರ್ತಿ ಬೆಳಕಲ್ಲಿ ಕಣ್ಣು ಕುಕ್ಕುತ್ತದೆ. ಅಂಗಡಿಗೆ ಒಯ್ದರೆ ‘ಲಿನಕ್ಸೇ ಸರಿಯಿಲ್ಲ, ವಿಂಡೋಸ್ ಹಾಕ್ತೀವಿ ಬಿಡಿ’ ಎಂಬ ಉತ್ತರ. ಹಾಕುವುದು ಪೈರೇಟೆಡ್ ಕಾಪಿ.

ನಾವು ಇದನ್ನು ಒಪ್ಪುವುದಿಲ್ಲ. ಕರೆಂಟ್ ಹೋದಾಗ ಬ್ಯಾಟರಿ ಮೇಲೆ ಓದುವ ಹುಡುಗರಿಗೆ ಬ್ರೈಟ್‌ನೆಸ್ ಸಣ್ಣ ವಿಷಯವಲ್ಲ, ನಿಜ. ಆದರೆ ಅಷ್ಟಕ್ಕೇ ಇಡೀ ಸಿಸ್ಟಮ್ ಅಳಿಸುವುದು, ಒಂದು ಕಾಯಿಗೆ ಮರ ಕಡಿದಂತೆ.

ಮೊದಲು ನೋಡಬೇಕಾದ್ದು ಬ್ಯಾಟರಿ. ಉಬುಂಟು, ಮಿಂಟ್‌ನಲ್ಲಿ ಸಿಸ್ಟಮ್‌ಡಿ ಎಂಬ ಒಳಗಿನ ಕೆಲಸಗಾರ ಶಟ್‌ಡೌನ್ ಆಗುವಾಗ ಬ್ರೈಟ್‌ನೆಸ್ ಬರೆದಿಟ್ಟುಕೊಂಡು, ಆನ್ ಆದಾಗ ಅದನ್ನೇ ವಾಪಸ್ ತರುತ್ತಾನೆ. ಬ್ಯಾಟರಿ ಸತ್ತು, ಕರೆಂಟ್ ಹೋದ ಕೂಡಲೇ ಮಷೀನ್ ಆಫ್ ಆದರೆ ಬರೆದುಕೊಳ್ಳಲು ಸಮಯವೆಲ್ಲಿ? ಹಿಂದೆ ಬರೆದಿಟ್ಟ ಅಳತೆಯೇ ಬರುತ್ತದೆ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡುವವರಿಗೂ ಇದೇ ಗತಿ. ಮೆನುವಿನಿಂದಲೇ ಶಟ್‌ಡೌನ್ ಮಾಡಿ ನೋಡಿ.

ಹಾಗೂ ನಿಲ್ಲದಿದ್ದರೆ ಫೈಲ್ ಮ್ಯಾನೇಜರಿನಲ್ಲಿ /ಸಿಸ್/ಕ್ಲಾಸ್/ಬ್ಯಾಕ್‌ಲೈಟ್ ತೆರೆಯಿರಿ (ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲಿ). ಅಲ್ಲಿ ಇಂಟೆಲ್_ಬ್ಯಾಕ್‌ಲೈಟ್, ಎಸಿಪಿಐ_ವಿಡಿಯೋ0 ಎಂದು ಎರಡು ಹೆಸರು ಕಂಡರೆ, ಒಂದೇ ದೀಪಕ್ಕೆ ಎರಡು ಸ್ವಿಚ್ ಎಂದರ್ಥ. ಒಂದು ಇಳಿಸಿದ್ದನ್ನು ಇನ್ನೊಂದು ಏರಿಸುತ್ತಿರಬಹುದು.

ಮದ್ದನ್ನು ಮೊದಲು ಒಂದು ಸಲಕ್ಕೆ ಮಾತ್ರ ಪರೀಕ್ಷಿಸಿ. ಆನ್ ಆಗುವಾಗ ಎಸ್ಕೇಪ್ ಅಥವಾ ಶಿಫ್ಟ್ ಒತ್ತಿದರೆ ಗ್ರಬ್ ಮೆನು ಬರುತ್ತದೆ. ಅಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು ಎಸಿಪಿಐ_ಬ್ಯಾಕ್‌ಲೈಟ್=ನೇಟಿವ್ ಎಂದು ಸೇರಿಸಿ ಎಫ್10 ಒತ್ತಿ. ಬ್ರೈಟ್‌ನೆಸ್ ಕೀ ಸರಿಯಾಗಿ ಕೆಲಸ ಮಾಡದಿದ್ದರೆ ರೀಸ್ಟಾರ್ಟ್ ಮಾಡಿ, ಬರೆದದ್ದು ತಾನೇ ಹೋಗುತ್ತದೆ. ನೇಟಿವ್ ಬದಲು ‘ವಿಡಿಯೋ’ ಅಥವಾ ‘ವೆಂಡರ್’ ಹಾಕಿ ನೋಡಿ. ಕೀ ಕೆಲಸ ಮಾಡಿತು ಎಂದರೆ ಅದೇ ಮಾತನ್ನು /ಇಟಿಸಿ/ಡಿಫಾಲ್ಟ್/ಗ್ರಬ್ ಫೈಲಿನಲ್ಲಿ ‘ಕ್ವೈಟ್ ಸ್ಪ್ಲ್ಯಾಶ್’ ಮುಂದೆ, ಕೋಟ್ ಚಿಹ್ನೆಯ ಒಳಗೇ ಬರೆದು, ಟರ್ಮಿನಲ್‌ನಲ್ಲಿ ಸುಡೊ ಅಪ್‌ಡೇಟ್-ಗ್ರಬ್ ಕೊಡಿ. ಆಮೇಲೆ ಎರಡು ಸಲ ರೀಸ್ಟಾರ್ಟ್ ಮಾಡಿ, ಇಟ್ಟ ಬ್ರೈಟ್‌ನೆಸ್ ನಿಂತಿದೆಯೇ ನೋಡಿ. ಫೈಲಿನ ಒಂದು ಕಾಪಿ ಮೊದಲೇ ಎತ್ತಿಟ್ಟಿರಿ.

ಇದಕ್ಕೆ ಇಂಜಿನಿಯರ್ ಬೇಡ, ಅಂಗಡಿಗೆ ದುಡ್ಡೂ ಬೇಡ. ಬೇಕಿರುವುದು ಕನ್ನಡದಲ್ಲಿ ಇಷ್ಟನ್ನು ಬರೆದ ಒಂದು ಹಾಳೆ. ಲ್ಯಾಪ್‌ಟಾಪ್ ಹಂಚುವಾಗ ಫೋಟೋ ತೆಗೆಸಿಕೊಳ್ಳಲು ಇರುವ ಉತ್ಸಾಹ ಇಂಥ ಹಾಳೆ ಅಚ್ಚು ಹಾಕಿಸಲು ಕಾಣುವುದಿಲ್ಲ. ನಮ್ಮ ಮೂರೂ ತಾಲ್ಲೂಕಿನ ಪದವಿ ಕಾಲೇಜುಗಳ ಕಂಪ್ಯೂಟರ್ ಮೇಷ್ಟ್ರುಗಳು ಲ್ಯಾಬಿನ ಗೋಡೆಗೆ ಅದನ್ನು ಅಂಟಿಸಲಿ. ಮೇಲಿನ ಸಾಲುಗಳನ್ನೇ ಇಳಿಸಿಕೊಂಡರೂ ನಮ್ಮ ತಕರಾರಿಲ್ಲ. ಕಮಾಂಡುಗಳನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ದಪ್ಪಗೆ ಬರೆಯಿರಿ.